ಊಟದ ಬ್ಯಾಗಿನ ತಳದಲ್ಲಿ ಸಿಕ್ಕ ಲೇಬಲ್

ಚಿಕ್ಕಮ್ಮನ ಊಟದ ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದೆವು. ಎರಡು ಹೇರ್‌ಪಿನ್ನು ಬಿದ್ದವು. ಹಳೇ ರೈಲು ಪಾಸು, ಒಣಗಿದ ಕರಿಬೇವು, ಒಂದಷ್ಟು ನೂಲಿನ ಎಳೆ. ಕೊನೆಗೆ ಹೊಲಿಗೆಯೊಳಗೆ ಸಿಕ್ಕಿಕೊಂಡಿದ್ದ ಬಿಳಿ ಪಟ್ಟಿಯೊಂದು ಹೊರಬಂತು. ಹೆಬ್ಬೆರಳಿನಷ್ಟು ಉದ್ದ. ಬಟ್ಟೆಯ ಒಳಬದಿಗೆ ಹೊಲಿಯುತ್ತಾರಲ್ಲ, ಹೇಗೆ ಒಗೆಯಬೇಕು ಅಂತ ಬರೆದಿರುವ ಕೇರ್ ಲೇಬಲ್, ಅದು.

2019ರ ಆಗಸ್ಟ್ ತಿಂಗಳು, ಮದ್ದೂರಿನ ಮನೆಯ ಜಗುಲಿ. ಚಿಕ್ಕಮ್ಮ ಹನ್ನೊಂದು ವರ್ಷ ಕೆಲಸ ಮಾಡಿದ ಗಾರ್ಮೆಂಟ್ಸ್ ಯೂನಿಟ್ಟು ಮುಚ್ಚಿ ಆಗಲೇ ಏಳು ತಿಂಗಳಾಗಿತ್ತು. ಮೈಸೂರು ರಸ್ತೆಯಲ್ಲಿ, ರಾಮನಗರದ ಹತ್ತಿರ ಇತ್ತು ಅದು. ಮುಚ್ಚಿದ್ದೇವೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಲವತ್ತು ಕಿಲೋಮೀಟರ್ ದೂರದ ಇನ್ನೊಂದು ಯೂನಿಟ್ಟಿಗೆ ಬನ್ನಿ ಅಂದರು. ಬೆಳಿಗ್ಗೆ ಐದಕ್ಕೆ ಎದ್ದು ರೈಲು ಹಿಡಿಯುವವರು ಅಷ್ಟು ದೂರ ಹೇಗೆ ಹೋಗುತ್ತಾರೆ? ಆಗಲ್ಲ ಅಂದವರಿಂದ ರಾಜೀನಾಮೆ ಬರೆಸಿಕೊಂಡರು. ಗ್ರಾಚುಟಿ, ಅಂದರೆ ಕೆಲಸ ಬಿಟ್ಟಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಕೊಡುವ ದುಡ್ಡು, ಆಮೇಲೆ ಬರುತ್ತೆ ಅಂದರು. ಏಳು ತಿಂಗಳಾದರೂ ಬರಲಿಲ್ಲ.

"ಈ ಬಟ್ಟೆ ಯಾವ ಕಂಪನಿಗೆ ಹೋಗ್ತಿತ್ತು ಚಿಕ್ಕಮ್ಮ?" ಅಂತ ಕೇಳಿದೆ.

"ನಂಗೇನ್ ಗೊತ್ತವ್ವ. ಕಾಲರ್ ಹಾಕೋದು ನನ್ ಕೆಲ್ಸ. ಗಂಟೆಗೆ ಎಂಬತ್ ಪೀಸು ಕೊಡ್ಬೇಕು. ತಲೆ ಎತ್ತಿದ್ರೆ ಸೂಪರ್‌ವೈಸರ್ ಬಂದ್ ನಿಂತ್ಕತಿದ್ದ. ಲೇಬಲ್ ಹಾಕೋಳು ಆ ಕಡೆ ಲೈನ್ನವಳು."

ಹನ್ನೊಂದು ವರ್ಷ. ಲಕ್ಷಗಟ್ಟಲೆ ಕಾಲರ್. ಅವು ಯಾರ ಕುತ್ತಿಗೆಗೆ ಹೋದವು ಅನ್ನುವುದು ಬಿಡಿ, ಯಾರ ಹೆಸರಲ್ಲಿ ಮಾರಾಟವಾದವು ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ.

ಆ ಲೇಬಲ್ಲಿನ ಕೆಳಗೆ ಆರ್‌ಎನ್ ಅಂತ ಎರಡಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಇತ್ತು. ಅದು ಕಾರ್ಖಾನೆಯ ನಂಬರ್ ಅಲ್ಲ. ಅಮೆರಿಕದಲ್ಲಿ ಬಟ್ಟೆ ತಯಾರಿಸುವ, ತರಿಸುವ, ಮಾರುವ ಕಂಪನಿಗಳಿಗೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕೊಡುವ ನೋಂದಣಿ ಸಂಖ್ಯೆ. ಕಂಪನಿಯ ಹೆಸರಿನ ಬದಲು ಈ ಸಂಖ್ಯೆ ಹಾಕಿದರೂ ಅಲ್ಲಿನ ಕಾನೂನಿಗೆ ಸಾಕು. ಯಾವ ದೇಶದಲ್ಲಿ ಹೊಲಿದದ್ದು ಅಂತ ಬರೆಯಲೇಬೇಕು. ಯಾವ ಕಾರ್ಖಾನೆ ಅಂತ ಬರೆಯಬೇಕಿಲ್ಲ. ಯುರೋಪಿನ ಒಕ್ಕೂಟದಲ್ಲಂತೂ ಬಟ್ಟೆಗೆ ದೇಶದ ಹೆಸರೂ ಕಡ್ಡಾಯ ಇಲ್ಲ.

ಆ ಸಂಖ್ಯೆಯನ್ನು ಯಾರು ಬೇಕಾದರೂ ಇಂಟರ್‌ನೆಟ್ಟಿನಲ್ಲಿ ಹುಡುಕಬಹುದು. ನಾನು ಹುಡುಕಿದೆ. ಕಂಪನಿ ಸಿಕ್ಕಿತು. ಅದರ ಬ್ರಾಂಡು ಸಿಕ್ಕಿತು. ಆ ಬ್ರಾಂಡಿನ ವೆಬ್‌ಸೈಟಿನಲ್ಲಿ ತಳದ ತಳಕ್ಕೆ ಹೋದರೆ ಕಾರ್ಖಾನೆಗಳ ಪಟ್ಟಿ ಇತ್ತು. ಭಾರತದ ಪುಟದಲ್ಲಿ ಒಂದು ಸಾಲು. ಊರಿನ ಹೆಸರಿನ ಸ್ಪೆಲಿಂಗ್ ತಪ್ಪಿತ್ತು, ಆದರೂ ಊರು ಅದೇ. ಅದರ ಮುಂದೆ, ಕೆಲಸಗಾರರು 1000ಕ್ಕಿಂತ ಕಡಿಮೆ.

"ಸಿಕ್ತು ಚಿಕ್ಕಮ್ಮ" ಅಂದೆ. ಅವಳು ಫೋನನ್ನು ಕೈಗೆ ತಗೊಂಡು, ಓದಕ್ಕೆ ಬರದಿದ್ದರೂ, ಆ ಸಾಲನ್ನೇ ಬೆರಳಲ್ಲಿ ಒತ್ತಿ ಹಿಡಿದು ನೋಡಿದಳು. ಪರದೆ ಸರಿದುಹೋಯಿತು. ಮತ್ತೆ ತೋರಿಸಿದೆ.

ಕಾರ್ಖಾನೆಗಳ ಆ ಪಟ್ಟಿ ಇಲ್ಲದಿದ್ದರೆ ನಾವು ಎಲ್ಲಿಗೂ ಹೋಗಲು ಆಗುತ್ತಿರಲಿಲ್ಲ. ಇಂಥ ಪಟ್ಟಿ ಹೇಗೆ ತಯಾರಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೂ ಎರಡು ವರ್ಷ ಮುಂಚೆ, 2017ರಲ್ಲಿ, ಇನ್ನೊಂದು ಕಂಪನಿಗೆ ಅಂಥದ್ದೇ ಪಟ್ಟಿ ಮಾಡಿಕೊಟ್ಟವಳು ನಾನು. ಯಾವ ಸಾಲು ಹೊರಗೆ ಕಾಣಬೇಕು, ಯಾವುದು ಒಳಗೇ ಇರಬೇಕು ಅಂತ ತೀರ್ಮಾನವಾಗುವಾಗ ಆ ಕೋಣೆಯಲ್ಲಿ ಇದ್ದೆ. ಅದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ನಾನಿದ್ದದ್ದು ಬೆಂಗಳೂರಿನ ಒಂದು ಬೈಯಿಂಗ್ ಆಫೀಸಿನಲ್ಲಿ. ಹೊರದೇಶದ ಬ್ರಾಂಡಿನ ಪರವಾಗಿ ಇಲ್ಲಿನ ಕಾರ್ಖಾನೆಗಳಿಗೆ ಆರ್ಡರ್ ಕೊಟ್ಟು, ಗುಣಮಟ್ಟ ನೋಡಿ, ಶಿಪ್‌ಮೆಂಟ್ ಕಳಿಸುವ ಆಫೀಸು. ಕಾರ್ಖಾನೆಗಳನ್ನು ತಪಾಸಣೆ ಮಾಡಿದ ಆಡಿಟ್ ವರದಿಗಳು ನನ್ನ ಮೇಜಿಗೆ ಬರುತ್ತಿದ್ದವು. ವೆಂಡರ್‌ಗಳ, ಅಂದರೆ ನಮಗೆ ಬಟ್ಟೆ ಹೊಲಿದು ಕೊಡುವ ಕಾರ್ಖಾನೆಯವರ, ಎಕ್ಸೆಲ್ ಶೀಟು ನನ್ನ ಕೈಯಲ್ಲಿತ್ತು. 61 ಸಾಲು. ಪೀಣ್ಯ, ಬೊಮ್ಮನಹಳ್ಳಿ, ದೊಡ್ಡಬಳ್ಳಾಪುರ, ತಿರುಪ್ಪೂರು, ಅತ್ತ ನೋಯ್ಡಾ, ಗುರುಗ್ರಾಮ.

ಹೆಡ್ಡಾಫೀಸಿನಿಂದ ಮೇಲ್ ಬಂತು. ನಾವೂ ಪಟ್ಟಿ ಹೊರಗೆ ಹಾಕುತ್ತೇವೆ, ಶೀಟು ರೆಡಿ ಮಾಡಿ.

ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1990ರ ದಶಕದಲ್ಲಿ ಕಾರ್ಖಾನೆಗಳ ಹೆಸರು ಕೇಳಿದರೆ ದೊಡ್ಡ ಬ್ರಾಂಡುಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು. ಅದು ವ್ಯಾಪಾರದ ಗುಟ್ಟು, ಹೇಳಿದರೆ ಪೈಪೋಟಿಯವರು ಎತ್ತಿಕೊಂಡು ಹೋಗುತ್ತಾರೆ. ನೈಕಿಯ ವಾದವೂ ಇದೇ ಆಗಿತ್ತು. ಅಮೆರಿಕದ ಕಾಲೇಜು ಹುಡುಗ ಹುಡುಗಿಯರು ಬಿಡಲಿಲ್ಲ. ನಮ್ಮ ಕಾಲೇಜಿನ ಹೆಸರು ಅಚ್ಚು ಹಾಕಿದ ಟೀ ಶರ್ಟು ಎಲ್ಲಿ ಹೊಲಿಯುತ್ತೀರಿ ಹೇಳಿ ಅಂತ ಹಟ ಹಿಡಿದು ಕೂತರು. 1999ರಲ್ಲಿ ನೈಕಿ ಕಾಲೇಜು ಬಟ್ಟೆ ಹೊಲಿಯುವ ಕಾರ್ಖಾನೆಗಳ ಹೆಸರು ಹೇಳಿತು. 2005ರಲ್ಲಿ 700ಕ್ಕೂ ಹೆಚ್ಚು ಕಾರ್ಖಾನೆಗಳ ಪೂರ್ತಿ ಪಟ್ಟಿಯನ್ನೇ ಹಾಕಿತು. ಅದೇ ವರ್ಷ ಲಿವೈಸ್ ಕೂಡ ಹಾಕಿತು. ಪಟ್ಟಿ ಹಾಕಿದ ಮೇಲೂ ಎರಡೂ ಕಂಪನಿಗಳು ವ್ಯಾಪಾರ ಮಾಡಿಕೊಂಡೇ ಇವೆ.

ಆಮೇಲೆ ರಾಣಾ ಪ್ಲಾಜಾ. 2013ರ ಏಪ್ರಿಲ್ 24. ಢಾಕಾದ ಹತ್ತಿರ ಸಾವರ್‌ನಲ್ಲಿ ಎಂಟು ಮಹಡಿಯ ಕಟ್ಟಡ ಕುಸಿಯಿತು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಗಾರ್ಮೆಂಟ್ಸ್‌ನವರನ್ನು ಒಳಗೆ ಕರೆದಿದ್ದರು. 1,100ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಯಾವ ಯಾವ ಬ್ರಾಂಡಿನ ಬಟ್ಟೆ ತಯಾರಾಗುತ್ತಿತ್ತು ಅಂತ ತಿಳಿಯಲು ಕಾರ್ಮಿಕ ಸಂಘಟನೆಯವರು ಅವಶೇಷಗಳ ನಡುವೆ ಲೇಬಲ್ ಹುಡುಕಬೇಕಾಯಿತು. ಪರಿಹಾರ ಕೇಳಬೇಕಾದರೆ ಯಾರನ್ನು ಕೇಳುವುದು ಅಂತ ಗೊತ್ತಿರಬೇಕಲ್ಲ. ಹೆಣ ತೆಗೆಯುವ ಜಾಗದಲ್ಲಿ ಲೇಬಲ್ ಹುಡುಕುವುದು ಅಂದರೆ ಏನು ಅಂತ ಯೋಚಿಸಿದರೆ ಇವತ್ತಿಗೂ ನನ್ನ ಹೊಟ್ಟೆ ಕಿವುಚುತ್ತದೆ. ಅದಕ್ಕೂ ಐದು ತಿಂಗಳು ಮುಂಚೆ ಅದೇ ಢಾಕಾದ ಹತ್ತಿರ ತಜ್ರೀನ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಅಲ್ಲಿ ವಾಲ್‌ಮಾರ್ಟಿನ ಬಟ್ಟೆ ಸಿಕ್ಕಿತ್ತು. ನಮಗೆ ಹೇಳದೆ ಯಾರೋ ವೆಂಡರ್ ಅಲ್ಲಿಗೆ ಕೆಲಸ ಕೊಟ್ಟಿದ್ದಾನೆ ಅಂತ ವಾಲ್‌ಮಾರ್ಟ್ ಹೇಳಿತು.

ಇದಾದ ಮೇಲೆ ಒಂಬತ್ತು ಕಾರ್ಮಿಕ ಮತ್ತು ಮಾನವ ಹಕ್ಕು ಸಂಘಟನೆಗಳು ಸೇರಿ ಟ್ರಾನ್ಸ್‌ಪರೆನ್ಸಿ ಪ್ಲೆಡ್ಜ್ ಅಂತ, ಬ್ರಾಂಡುಗಳು ಕನಿಷ್ಠ ಏನೇನು ಹೇಳಬೇಕು ಅನ್ನುವ ಪಟ್ಟಿ ಮಾಡಿದವು. ಕಾರ್ಖಾನೆಯ ಪೂರ್ತಿ ಹೆಸರು, ಅದು ಇರುವ ಜಾಗದ ವಿಳಾಸ, ಮಾಲೀಕ ಕಂಪನಿ ಯಾವುದು, ಏನು ತಯಾರಾಗುತ್ತದೆ, ಸುಮಾರು ಎಷ್ಟು ಜನ ಕೆಲಸ ಮಾಡುತ್ತಾರೆ. ಇಷ್ಟನ್ನು ತಪ್ಪದೆ ಆಗಾಗ, ವರ್ಷಕ್ಕೆ ಎರಡು ಸಲ ಅನ್ನುವ ಹಾಗೆ, ಹೊಸದು ಮಾಡಬೇಕು. 2017ರಲ್ಲಿ ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಅಂತ ಹ್ಯೂಮನ್ ರೈಟ್ಸ್ ವಾಚ್ ವರದಿ ಹೊರಬಿತ್ತು. ನಮ್ಮ ಹೆಡ್ಡಾಫೀಸು ಎಚ್ಚೆತ್ತದ್ದು ಆಗ.

ಸಂಜೆ ಏಳಕ್ಕೆ ಕಾಲ್ ಶುರುವಾಗುತ್ತಿತ್ತು. ಮೂರು ವಾರ ನಡೆಯಿತು. ಆ ಕಡೆ ಸೋರ್ಸಿಂಗ್, ಅಂದರೆ ಖರೀದಿ ವಿಭಾಗದ ಮುಖ್ಯಸ್ಥರು, ಒಬ್ಬರು ವಕೀಲರು, ಪ್ರಚಾರ ವಿಭಾಗದವರೊಬ್ಬರು. ಈ ಕಡೆ ನಾನು, ನಮ್ಮ ಮ್ಯಾನೇಜರ್. ಪರದೆ ಮೇಲೆ ನನ್ನ ಶೀಟು. ಒಂದೊಂದು ಸಾಲಿಗೂ ಬಣ್ಣ ಹಾಕಬೇಕು. ಹಸಿರು ಅಂದರೆ ಹಾಕಬಹುದು. ಹಳದಿ ಅಂದರೆ ತಡೆಯಿರಿ.

ಹಸಿರು ಸಲೀಸಾಗಿ ಬಂದದ್ದು ದೊಡ್ಡ ಕಾರ್ಖಾನೆಗಳಿಗೆ. ಅವರ ಹೆಸರು ಆಗಲೇ ಬೇರೆ ಎರಡು ಮೂರು ಬ್ರಾಂಡುಗಳ ಪಟ್ಟಿಯಲ್ಲಿತ್ತು. ಇನ್ನು ಮುಚ್ಚಿಡುವುದಕ್ಕೆ ಏನಿದೆ? ಇದು ನಾನು ಕಲಿತ ಮೊದಲ ಪಾಠ. ಕಂಪನಿ ಏನನ್ನು ಹೇಳುತ್ತದೆ ಅನ್ನುವುದು ಪಕ್ಕದವನು ಆಗಲೇ ಏನು ಹೇಳಿದ್ದಾನೆ ಅನ್ನುವುದರ ಮೇಲೆ ಬಹಳ ನಿಂತಿರುತ್ತದೆ.

ಹಳದಿ ಹದಿನಾಲ್ಕು ಸಾಲಿಗೆ ಬಿತ್ತು. ಯಾಕೆ ಬಿತ್ತು ಅನ್ನುವುದೇ ಮುಖ್ಯ.

ಕೆಲವರು ವೆಂಡರ್‌ಗಳೇ ಬೇಡ ಅಂದರು. ಪೀಣ್ಯದ ಒಬ್ಬ ಮಾಲೀಕರು ನನಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದರು. "ಮೇಡಂ, ನಿಮ್ಮದು ನಡುಮಧ್ಯದ ರೇಟಿನ ಬ್ರಾಂಡು. ನನ್ನ ಇನ್ನೊಬ್ಬ ಬಯರ್ ಜಾಸ್ತಿ ರೇಟು ಕೊಡ್ತಾನೆ. ಒಂದೇ ಫ್ಲೋರ್‌ನಲ್ಲಿ ಎರಡೂ ಹೊಲಿತೀನಿ ಅಂತ ಅವನಿಗೆ ಗೊತ್ತಾದ್ರೆ, ಅವನೂ ನಿಮ್ಮ ರೇಟಿಗೇ ಕೊಡು ಅಂತಾನೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ." ವ್ಯಾಪಾರದ ಗುಟ್ಟು ಅನ್ನುವ ಮಾತಿನೊಳಗೆ ನಿಜವಾದ ಹೆದರಿಕೆ ಅಂತ ಏನಾದರೂ ಇದ್ದರೆ ಇದು. ಪೈಪೋಟಿಯ ಬ್ರಾಂಡು ಕಾರ್ಖಾನೆಯನ್ನು ಎತ್ತಿಕೊಂಡು ಹೋಗುತ್ತದೆ ಅನ್ನುವುದು ಅಷ್ಟು ನಿಜವಲ್ಲ. ಯಾಕೆಂದರೆ ಪೈಪೋಟಿಯವರಿಗೆ ಆಗಲೇ ಗೊತ್ತಿರುತ್ತದೆ. ಅಮೆರಿಕಕ್ಕೆ ಹಡಗಿನಲ್ಲಿ ಬರುವ ಸರಕಿನ ಪಟ್ಟಿಯಲ್ಲಿ ಯಾರು ಕಳಿಸಿದರು, ಯಾರು ತರಿಸಿದರು ಅಂತ ಇರುತ್ತದೆ. ಆ ಮಾಹಿತಿ ಸಾರ್ವಜನಿಕ. ಅದನ್ನು ಒಟ್ಟು ಮಾಡಿ ದುಡ್ಡಿಗೆ ಮಾರುವ ಕಂಪನಿಗಳೇ ಇವೆ. ನಮ್ಮ ಹೆಸರು ತೋರಿಸಬೇಡಿ ಅಂತ ಅಲ್ಲಿನ ಕಸ್ಟಮ್ಸ್‌ಗೆ ಅರ್ಜಿ ಹಾಕಬಹುದು, ಕೆಲವರು ಹಾಕುತ್ತಾರೆ ಕೂಡ. ಆದರೂ ದುಡ್ಡಿರುವವರಿಗೆ ಸಿಗುವ ಮಾಹಿತಿ ದುಡ್ಡಿಲ್ಲದ ಟೈಲರಮ್ಮನಿಗೆ ಮಾತ್ರ ಗುಟ್ಟು. ಇದು ನನಗೆ ಒಪ್ಪಿಗೆಯಾಗದ ಮಾತು. ಅಂದೂ ಆಗಲಿಲ್ಲ, ಇಂದೂ ಆಗಿಲ್ಲ.

ಇನ್ನು ಕೆಲವು ಸಾಲುಗಳ ಆಡಿಟ್ ಸರಿಯಿರಲಿಲ್ಲ. ಬೆಂಕಿ ಬಿದ್ದರೆ ಹೊರಹೋಗುವ ಬಾಗಿಲ ಮುಂದೆ ಬಟ್ಟೆ ಗಂಟು, ಓವರ್‌ಟೈಮ್ ಲೆಕ್ಕದಲ್ಲಿ ವ್ಯತ್ಯಾಸ, ಇಂಥವು. ಸರಿಪಡಿಸಲು ಟೈಮ್ ಕೊಟ್ಟಿದ್ದೆವು. ಇವುಗಳ ಹೆಸರು ಹಾಕಿದರೆ ನಾವೇ ಒಳ್ಳೇದು ಅಂತ ಮುದ್ರೆ ಒತ್ತಿದ ಹಾಗಾಗುತ್ತದೆ ಅಂತ ಒಬ್ಬರು. ಹಾಕದಿದ್ದರೆ ಯಾವುದರ ಮೇಲೆ ಕಣ್ಣಿಡಬೇಕೋ ಅದೇ ಮರೆಯಾಗುತ್ತದೆ ಅಂತ ನಾನು. ವಕೀಲರು ಮೊದಲನೆಯವರ ಕಡೆ ವಾಲಿದರು.

ಮೂರನೆಯ ಗುಂಪೇ ನನಗೆ ಜಾಸ್ತಿ ಕಾಡುವುದು. ಜಾಬ್ ವರ್ಕ್ ಯೂನಿಟ್ಟುಗಳು. ಕಾರ್ಖಾನೆ ಶರ್ಟು ಹೊಲಿಯುತ್ತದೆ. ಎಂಬ್ರಾಯಿಡರಿ, ಪ್ರಿಂಟಿಂಗ್, ವಾಷಿಂಗ್ ಹೊರಗೆ ಕೊಡುತ್ತದೆ. ಎಲ್ಲೋ ಗಲ್ಲಿಯಲ್ಲಿ, ಶೀಟು ಹೊದಿಸಿದ ಷೆಡ್ಡಿನಲ್ಲಿ ಮೂವತ್ತು ನಲವತ್ತು ಜನ ಕೂತು ಮಾಡುತ್ತಿರುತ್ತಾರೆ. ಕಾಗದದ ಮೇಲೆ ಅನುಮತಿ ಪಡೆದು ಕೊಡಬೇಕು. ಶಿಪ್‌ಮೆಂಟ್ ಅರ್ಜೆಂಟಾದಾಗ ಯಾರೂ ಕೇಳುವುದಿಲ್ಲ. ಹಾಗೆ ಕೊಟ್ಟ ಮೂರು ಜಾಗ ನನ್ನ ಶೀಟಿನಲ್ಲಿದ್ದವು, ಯಾಕೆಂದರೆ ನಾನೇ ಹೋಗಿ ನೋಡಿ ಬರೆದುಕೊಂಡಿದ್ದೆ. ವಕೀಲರು ಕೇಳಿದರು, ಇವು ನಮಗೆ ಗೊತ್ತಿದೆ ಅಂತ ಎಲ್ಲಿ ದಾಖಲಾಗಿದೆ? ಈ ಶೀಟಿನಲ್ಲೇ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಕಂಪನಿಯ ಮಟ್ಟಿಗೆ ಒಂದು ಹೆಸರನ್ನು ಬರೆಯುವುದು ಅಂದರೆ, ಅಲ್ಲಿ ಏನಾದರೂ ಆದರೆ ನಮಗೆ ಗೊತ್ತಿತ್ತು ಅಂತ ಒಪ್ಪಿದ ಹಾಗೆ. ಆದ್ದರಿಂದ ಕೆಲವು ಸಲ ತಿಳಿದುಕೊಳ್ಳದೇ ಇರುವುದೇ ಕ್ಷೇಮ ಅನಿಸುತ್ತದೆ. ಹತ್ತಿ ಎಲ್ಲಿ ಬೆಳೆಯಿತು, ನೂಲು ಯಾವ ಮಿಲ್ಲಿನದು ಅಂತ ಬಹಳ ಪಟ್ಟಿಗಳಲ್ಲಿ ಇಲ್ಲದಿರುವುದಕ್ಕೆ ಮುಚ್ಚುಮರೆ ಒಂದೇ ಕಾರಣ ಅಲ್ಲ. ಬ್ರಾಂಡು ತಾನೇ ಇಂಥ ಮಿಲ್ಲಿನ ಬಟ್ಟೆಯನ್ನೇ ತಗೋ ಅಂತ ಗೊತ್ತು ಮಾಡಿದ್ದರೆ ಅದಕ್ಕೆ ಹೆಸರು ಗೊತ್ತು. ನಾವು ಅದನ್ನು ನಾಮಿನೇಟೆಡ್ ಮಿಲ್ ಅನ್ನುತ್ತಿದ್ದೆವು. ವೆಂಡರ್ ತನಗೆ ಬೇಕಾದ ಕಡೆ ಕೊಂಡರೆ, ಒಂದೊಂದು ಸಲ ನಿಜಕ್ಕೂ ಯಾರಿಗೂ ಗೊತ್ತಿರುವುದಿಲ್ಲ. ಕೇಳಿದರೆ ವೆಂಡರ್ ಹೇಳುವುದೂ ಇಲ್ಲ. ಅವನ ಮಾರ್ಜಿನ್ ಇರುವುದೇ ಅಲ್ಲಿ.

ಪ್ರಚಾರ ವಿಭಾಗದವರಿಗೆ ಇದೆಲ್ಲ ತಲೆಬಿಸಿ ಬೇಕಿರಲಿಲ್ಲ. ಅವರು ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು. "ನಾಳೆ ಬೆಳಿಗ್ಗೆ ಒಬ್ಬ ಪತ್ರಕರ್ತ ಈ ವಿಳಾಸಕ್ಕೆ ಹೋದರೆ ಏನು ಕಾಣುತ್ತದೆ?" ಎರಡನೇ ವಾರದ ಹೊತ್ತಿಗೆ ನಾವೆಲ್ಲರೂ ಅದೇ ಪ್ರಶ್ನೆ ಕೇಳಲು ಶುರು ಮಾಡಿದ್ದೆವು. ಬೇರೆ ಅಳತೆಗೋಲು ಬೇಕಾಗಿಯೇ ಇರಲಿಲ್ಲ. ಅಲ್ಲಿ ಕೆಲಸ ಮಾಡುವ ಹೆಂಗಸು ಈ ಪಟ್ಟಿಯಲ್ಲಿ ತನ್ನ ಕಾರ್ಖಾನೆ ಹುಡುಕಿದರೆ ಸಿಗುತ್ತದಾ ಅಂತ ಮೂರು ವಾರದಲ್ಲಿ ಒಂದು ಸಲವೂ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಚಿಕ್ಕಮ್ಮ ದಿನಾ ಬೆಳಿಗ್ಗೆ ರೈಲಿನಲ್ಲಿ ನಿಂತುಕೊಂಡೇ ಕೆಲಸಕ್ಕೆ ಹೋಗುತ್ತಿದ್ದ ಕಾಲ ಅದು.

ಕೊನೆಗೆ 47 ಸಾಲು ಹೊರಗೆ ಬಂತು. ಪಟ್ಟಿಯ ಕೆಳಗೆ, ಇದು ನಮ್ಮ ಖರೀದಿಯ ಬಹುಪಾಲನ್ನು ಒಳಗೊಂಡಿದೆ ಅಂತ ಒಂದು ವಾಕ್ಯ. ಇಂಥ ವಾಕ್ಯ ಎಲ್ಲಿ ಕಂಡರೂ ಈಗ ನನ್ನ ಮನಸ್ಸು ಉಳಿದ ಪಾಲಿನ ಕಡೆಗೇ ಹೋಗುತ್ತದೆ.

ಹಳದಿ ಸಾಲುಗಳ ಕಥೆ ಏನಾಯಿತು ಅಂತಲೂ ಹೇಳಬೇಕು. ಒಂಬತ್ತು ಕಾರ್ಖಾನೆಗಳು ಆರು ತಿಂಗಳಲ್ಲಿ ತಮ್ಮ ಲೋಪ ಸರಿಮಾಡಿಕೊಂಡೋ, ಮನಸ್ಸು ಬದಲಾಯಿಸಿಯೋ ಪಟ್ಟಿಗೆ ಬಂದವು. ಪೀಣ್ಯದ ಮಾಲೀಕರೂ ಬಂದರು. ಎರಡು ಹಾಗೇ ಉಳಿದವು. ಆದರೆ ಆ ಮೂರು ಜಾಬ್ ವರ್ಕ್ ಯೂನಿಟ್ಟುಗಳಿಗೆ ಕೆಲಸವೇ ನಿಂತಿತು. ತೋರಿಸಲು ಆಗದ ಜಾಗದಲ್ಲಿ ಕೆಲಸ ಮಾಡಿಸಬೇಡಿ ಅಂತ ಮೇಲಿನಿಂದ ಬಂತು. ಕೇಳಲು ಸರಿಯಾಗಿಯೇ ಇದೆ. ಆದರೆ ಲಗ್ಗೆರೆ ಕಡೆಯ ಆ ಎಂಬ್ರಾಯಿಡರಿ ಷೆಡ್ಡಿನಲ್ಲಿ ನಲವತ್ತು ಹೆಂಗಸರಿದ್ದರು. ಅವರನ್ನು ಸರಿಯಾದ ಕಟ್ಟಡಕ್ಕೆ ಸಾಗಿಸಿ, ಪಿ.ಎಫ್., ಇ.ಎಸ್.ಐ ಮಾಡಿಸಿ, ಆಮೇಲೆ ಹೆಸರು ಹಾಕೋಣ ಅಂತ ನಾನು ಒಂದು ನೋಟ್ ಬರೆದೆ. ಖರ್ಚು ಯಾರದು ಅಂತ ಉತ್ತರ ಬಂತು. ಅಲ್ಲಿಗೆ ಮುಗಿಯಿತು. ಪಟ್ಟಿ ಹೊರಬಂದರೆ ಎಲ್ಲರಿಗೂ ಒಳ್ಳೆಯದೇ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನನಗೆ ಆ ಷೆಡ್ಡು ನೆನಪಾಗುತ್ತದೆ. ಪಟ್ಟಿ ಬೇಡ ಅಂತ ಖಂಡಿತ ಅಲ್ಲ. ಹೆಸರು ತೆಗೆಯುವ ಮುಂಚೆ ಅಲ್ಲಿನ ಜನಕ್ಕೆ ಏನು ದಾರಿ ಅಂತ ನೋಡಬೇಕು, ಅಷ್ಟೆ.

ಕಾನೂನು ಏನು ಹೇಳುತ್ತದೆ ಅಂತ ಕೇಳುತ್ತೀರಿ. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ, ಬ್ರಿಟನ್ನಿನಲ್ಲಿ 2015ರ ಕಾಯ್ದೆಯಿಂದ ದೊಡ್ಡ ಕಂಪನಿಗಳು ಒಂದು ಹೇಳಿಕೆ ಬರೆದು ಹಾಕಬೇಕು. ಜೀತ, ಬಲವಂತದ ದುಡಿಮೆ ತಡೆಯಲು ಏನು ಮಾಡುತ್ತಿದ್ದೀರಿ ಅಂತ. ಏನೂ ಮಾಡುತ್ತಿಲ್ಲ ಅಂತ ಬರೆದರೂ ಕಾನೂನು ಪಾಲಿಸಿದ ಹಾಗೆಯೇ. ಕಾರ್ಖಾನೆಗಳ ಹೆಸರು ಅವು ಕೇಳುವುದಿಲ್ಲ. ಜರ್ಮನಿ, ಫ್ರಾನ್ಸಿನ ಕಾನೂನು ಇನ್ನೂ ಸ್ವಲ್ಪ ಮುಂದೆ ಹೋಗಿ, ಕಾರ್ಖಾನೆಗಳಲ್ಲಿ ತೊಂದರೆ ಇದೆಯಾ ಹುಡುಕಿ, ಸರಿಮಾಡಿ ಅನ್ನುತ್ತವೆ. ನಮ್ಮಲ್ಲಿ ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ, ಅಲ್ಲಿನ ಮೊದಲ 1000 ಕಂಪನಿಗಳಿಂದ ವರ್ಷಕ್ಕೊಂದು ಜವಾಬ್ದಾರಿ ವರದಿ ಕೇಳುತ್ತದೆ. ಅಲ್ಲೂ ಹೆಸರು, ವಿಳಾಸದ ಪಟ್ಟಿ ಇಲ್ಲ. ಹಾಗಾಗಿ ಬಟ್ಟೆಯ ವಿಷಯದಲ್ಲಿ ನಾವು ನೋಡುವ ಪಟ್ಟಿಗಳಲ್ಲಿ ಹೆಚ್ಚಿನವು ಯಾರೋ ಕೇಳಿ, ಹಟ ಹಿಡಿದು, ನಾಚಿಕೆ ಮಾಡಿಸಿ ಹೊರಗೆ ತರಿಸಿದವು.

ಮಧ್ಯದ ದಾರಿಯೂ ಒಂದಿದೆ. ಜಾರಾ ಬ್ರಾಂಡಿನ ಇಂಡಿಟೆಕ್ಸ್ ಕಂಪನಿ ಯಾವ ದೇಶದಲ್ಲಿ ಎಷ್ಟು ಕಾರ್ಖಾನೆ ಅಂತ ವರದಿಯಲ್ಲಿ ಹೇಳುತ್ತಾ ಬಂತು. ಆದರೆ ಕಾರ್ಖಾನೆಗಳ ಹೆಸರನ್ನು ವರ್ಷಗಟ್ಟಲೆ ಎಲ್ಲರಿಗೂ ಕಾಣುವಂತೆ ಹಾಕಲಿಲ್ಲ. ಜಾಗತಿಕ ಕಾರ್ಮಿಕ ಒಕ್ಕೂಟದ ಜತೆ 2007ರಲ್ಲಿ ಮಾಡಿಕೊಂಡ ಒಪ್ಪಂದದ ದಾರಿಯಲ್ಲಿ ಅದಕ್ಕೆ ಮಾತ್ರ ಪಟ್ಟಿ ಕೊಡುತ್ತಿತ್ತು. ಯೂನಿಯನ್ ಗಟ್ಟಿಯಾಗಿರುವ ಕಡೆ ಇದು ಕೆಲಸಕ್ಕೆ ಬರಬಹುದು. ಚಿಕ್ಕಮ್ಮನ ಯೂನಿಟ್ಟಿನಲ್ಲಿ ಯೂನಿಯನ್ ಅನ್ನುವ ಪದ ಆಡಿದರೆ ಮರುದಿನ ಲೈನ್ ಬದಲಾಗುತ್ತಿತ್ತು. ಅಂಥ ಕಡೆ ಎಲ್ಲರಿಗೂ ಕಾಣುವ ಪಟ್ಟಿಯೇ ಬೇಕು.

ಪಟ್ಟಿ ಇದ್ದರೂ ಹುಡುಕುವುದು ಸುಲಭ ಅಲ್ಲ. ಇಲ್ಲಿನ ಕಾರ್ಖಾನೆಗಳ ವಿಳಾಸ ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ವಾ? ಸರ್ವೆ ನಂಬರ್ ಇಷ್ಟು, ಇಂಥ ಹೋಬಳಿ, ಇಂಥ ಕಲ್ಯಾಣ ಮಂಟಪದ ಹಿಂದೆ. ಒಂದೇ ಕಾರ್ಖಾನೆಯನ್ನು ಆರು ಬ್ರಾಂಡುಗಳು ಆರು ತರ ಬರೆದಿರುತ್ತವೆ. ಒಬ್ಬರು ಯೂನಿಟ್ 4 ಅನ್ನುತ್ತಾರೆ, ಇನ್ನೊಬ್ಬರು ರೋಮನ್ ಅಂಕಿ ಹಾಕುತ್ತಾರೆ, ಮತ್ತೊಬ್ಬರು ಹೆಡ್ಡಾಫೀಸಿನ ವಿಳಾಸ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಹೆಡ್ಡಾಫೀಸಿನಲ್ಲಿ ಯಾರೂ ಹೊಲಿಯುವುದಿಲ್ಲ! ಈ ಗೋಜಲು ಬಿಡಿಸಲೆಂದೇ 2019ರಲ್ಲಿ ಓಪನ್ ಅಪಾರೆಲ್ ರಿಜಿಸ್ಟ್ರಿ ಶುರುವಾಯಿತು. ಈಗ ಅದರ ಹೆಸರು ಓಪನ್ ಸಪ್ಲೈ ಹಬ್. ಭೂಪಟದ ಮೇಲೆ ಒಂದೊಂದು ಕಾರ್ಖಾನೆಗೂ ಒಂದು ಗುರುತಿನ ಸಂಖ್ಯೆ, ಯಾವ ಯಾವ ಬ್ರಾಂಡು ಅದನ್ನು ಹೆಸರಿಸಿದೆ ಅಂತ ಒಂದೇ ಕಡೆ. ಬಹಳ ಒಳ್ಳೆಯ ಕೆಲಸ. ಆದರೂ ಕೆಲಸಗಾರರು ಆ ಕಾರ್ಖಾನೆಯನ್ನು ಕರೆಯುವ ಹೆಸರು ಅಲ್ಲಿರುವುದಿಲ್ಲ. ಚಿಕ್ಕಮ್ಮನ ಬಾಯಲ್ಲಿ ಅವಳ ಯೂನಿಟ್ಟು ಯಾವಾಗಲೂ "ಬಂಕಿನ ಹಿಂದ್ಗಡೆ ಗಾರ್ಮೆಂಟ್ಸು". ಕಂಪನಿಯ ಪೂರ್ತಿ ಹೆಸರು ಅವಳಿಗೆ ಗೊತ್ತಾದದ್ದು ಪಿ.ಎಫ್. ಚೀಟಿ ನೋಡಿದ ಮೇಲೆ.

ಇನ್ನೊಂದು ವಿಷಯ ಹೇಳಲೇಬೇಕು, ಇದನ್ನು ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಹಳೇ ಪಟ್ಟಿಗಳು. ಹೊಸ ಪಟ್ಟಿ ಹಾಕಿದ ದಿನ ಹಳೆಯದನ್ನು ತೆಗೆದುಬಿಡುತ್ತಾರೆ. ಆರ್ಡರ್ ನಿಂತ ಕಾರ್ಖಾನೆಯ ಸಾಲು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಆದರೆ ಕೆಲಸಗಾರರಿಗೆ ಪಟ್ಟಿ ಬೇಕಾಗುವುದು ಯಾವಾಗ? ಕಾರ್ಖಾನೆ ಮುಚ್ಚಿದ ಮೇಲೆ. ಸಂಬಳ, ಗ್ರಾಚುಟಿ ನಿಂತ ಮೇಲೆ. ನಾನು ಲೇಬಲ್ ಹಿಡಿದು ಹುಡುಕಿದ ದಿನ ಆ ಬ್ರಾಂಡು ಇನ್ನೂ ಪಟ್ಟಿ ಹೊಸದು ಮಾಡಿರಲಿಲ್ಲ. ನಾಲ್ಕು ವಾರ ತಡವಾಗಿದ್ದರೆ ಆ ಸಾಲು ಇರುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ನೋಡಿದಾಗ ಇರಲಿಲ್ಲ. ಪುಣ್ಯಕ್ಕೆ ನಾನು ಆ ಪುಟದ ಫೋಟೋ ತೆಗೆದಿಟ್ಟಿದ್ದೆ. ಪ್ರತಿ ಪಟ್ಟಿಯ ಮೇಲೂ ತಾರೀಕು ಇರಬೇಕು, ಐದು ವರ್ಷದ ಹಳೇ ಪಟ್ಟಿಗಳೂ ಅಲ್ಲೇ ಸಿಗಬೇಕು. ಗ್ರಾಚುಟಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು ಅಂತ ಕಾನೂನು ಇರುವಾಗ, ಪಟ್ಟಿಗೆ ಐದು ವರ್ಷದ ನೆನಪೂ ಇರಬಾರದಾ?

ಆ ಫೋಟೋ, ಲೇಬಲ್ಲಿನ ಫೋಟೋ, ಹದಿನೆಂಟು ಹೆಂಗಸರ ಗುರುತಿನ ಚೀಟಿ ನಂಬರುಗಳನ್ನು ಸೇರಿಸಿ ಬ್ರಾಂಡಿಗೆ ಮೇಲ್ ಬರೆದೆ. ಒಂಬತ್ತು ದಿನಕ್ಕೆ ಉತ್ತರ ಬಂತು. ಇನ್ನೂ ಯಾರ್‍ಯಾರು ಇದ್ದಾರೆ, ಸೇರಿದ ತಾರೀಕು ಯಾವುದು ಅಂತ ಕೇಳಿದರು. ಚಿಕ್ಕಮ್ಮ ಮದ್ದೂರು, ಚನ್ನಪಟ್ಟಣದ ಮನೆಮನೆಗೆ ಹೋಗಿ ಬರೆಸಿಕೊಂಡು ಬಂದಳು. ಅರವತ್ತಮೂರು ಜನ ಆದರು. ಆ ಮಾಲೀಕರ ಬೇರೆ ಯೂನಿಟ್ಟುಗಳಲ್ಲಿ ಬ್ರಾಂಡಿನ ಆರ್ಡರ್ ಇನ್ನೂ ನಡೆಯುತ್ತಿತ್ತು. ಆ ಒತ್ತಡವೇ ಕೆಲಸ ಮಾಡಿತು ಅಂತ ನನ್ನ ನಂಬಿಕೆ. ದೀಪಾವಳಿ ಕಳೆದು ಎರಡು ವಾರಕ್ಕೆ ಚಿಕ್ಕಮ್ಮನ ಖಾತೆಗೆ 50 ಸಾವಿರದ ಹತ್ತಿರ ಬಂತು. ಅದೇ ಯೂನಿಟ್ಟಿನಲ್ಲಿ ಬಟ್ಟೆ ಹೊಲಿಸುತ್ತಿದ್ದ ಇನ್ನೊಂದು ಬ್ರಾಂಡಿಗೂ ಬರೆದಿದ್ದೆ. ಅದು ಪಟ್ಟಿ ಹಾಕದ ಬ್ರಾಂಡು. ಉತ್ತರವೇ ಬರಲಿಲ್ಲ.

ಮರುವರ್ಷ ಇದೇ ಮಾತು ರಾಜ್ಯಕ್ಕೇ ದೊಡ್ಡದಾಗಿ ಬಂತು. 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ, ಕರ್ನಾಟಕದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಬಹಳ ಜನಕ್ಕೆ ಸಿಗಲಿಲ್ಲ. ಕೊಡಲೇಬೇಕು ಅಂತ ಹೈಕೋರ್ಟ್ ಹೇಳಿದ ಮೇಲೂ ಸಿಗಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕೆಲಸಗಾರರ ಮಾತು ಇದು. ಅಮೆರಿಕದ ಕಾರ್ಮಿಕ ಹಕ್ಕು ಸಂಸ್ಥೆ ವರ್ಕರ್ ರೈಟ್ಸ್ ಕನ್ಸೋರ್ಟಿಯಂ ಮತ್ತು ಇಲ್ಲಿನ ಯೂನಿಯನ್‌ಗಳು ಬ್ರಾಂಡುಗಳನ್ನೇ ಹಿಡಿದು ಕೇಳಿದವು. ನಿಮ್ಮ ಬಟ್ಟೆ ಹೊಲಿಯುವವರಿಗೆ ಕಾನೂನಿನ ಸಂಬಳ ಸಿಗುತ್ತಿಲ್ಲ ಅಂತ. ಕೊನೆಗೆ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪತೊಡಗಿದವು. ಯಾರು ಎಲ್ಲಿ ಹೊಲಿಸುತ್ತಾರೆ ಅಂತ ಯಾರಿಗೂ ಗೊತ್ತಿಲ್ಲದಿದ್ದರೆ ಈ ಪ್ರಶ್ನೆಯನ್ನು ಯಾರ ಮನೆ ಬಾಗಿಲಲ್ಲಿ ನಿಂತು ಕೇಳುವುದು?

ನಾನು ಆ ಆಫೀಸು ಬಿಟ್ಟು ಈಗ ಕೆಲವು ವರ್ಷವಾಯಿತು. ಚಿಕ್ಕಮ್ಮ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ, ಬಂದ ದುಡ್ಡಿನಲ್ಲಿ ಒಂದು ಪೀಕೋ ಮೆಷಿನ್ ತಗೊಂಡಿದ್ದಾಳೆ. ಹೋದ ತಿಂಗಳು ಅವಳ ಸೊಸೆ ಮದ್ದೂರಿನ ಹತ್ತಿರದ ಹೊಸ ಗಾರ್ಮೆಂಟ್ಸ್‌ಗೆ ಸೇರಿದಳು. ಸೇರಿದ ಮೂರನೇ ದಿನ ರಾತ್ರಿ ಚಿಕ್ಕಮ್ಮನ ಫೋನು.

"ಮಗಾ, ಅಲ್ಲಿ ಯಾರ್ ಬಟ್ಟೆ ಹೊಲಿತಾರೆ ಅಂತ ನೋಡಿ ಹೇಳವ್ವ. ಈಗ್ಲೇ ನೋಡು, ಆಮೇಲೆ ಅಳಿಸ್ಬುಡ್ತಾರೆ."

ನೋಡಿದೆ. ಮೂರು ಬ್ರಾಂಡುಗಳ ಪಟ್ಟಿಯಲ್ಲಿ ಆ ಕಾರ್ಖಾನೆ ಇತ್ತು. ಒಂದರಲ್ಲಿ ವಿಳಾಸ ಸರಿ ಇತ್ತು, ಇನ್ನೊಂದರಲ್ಲಿ ಪಿನ್‌ಕೋಡ್ ತಪ್ಪು. ಮೂರರ ಫೋಟೋನೂ ತೆಗೆದು ತಾರೀಕು ಹಾಕಿ ವಾಟ್ಸಾಪ್ ಮಾಡಿದೆ. ಎರಡು ನಿಮಿಷಕ್ಕೆ ಸೊಸೆ ವಾಯ್ಸ್ ಮೆಸೇಜ್ ಹಾಕಿದಳು. ಅಕ್ಕಾ, ಇದು ಇಂಗ್ಲಿಷ್‌ನಲ್ಲಿದೆ, ಅತ್ತೆ ಕನ್ನಡದಲ್ಲಿ ಬರೆದು ಕಳಿಸು ಅಂತಾವ್ರೆ, ಲೈನ್‌ನಲ್ಲಿ ಎಲ್ರಿಗೂ ಕೊಡ್ಬೇಕಂತೆ. ಒಂದು ಹಾಳೆ ತಗೊಂಡು ಕೂತೆ. ಮೇಲೆ ಕಾರ್ಖಾನೆಯ ಹೆಸರು ಬರೆದೆ. ಅದರ ಪಕ್ಕದಲ್ಲಿ, ಊರಿನವರು ಅದನ್ನು ಏನಂತ ಕರೆಯುತ್ತಾರೆ ಅಂತ ಕೇಳಿ, ಅದನ್ನೂ ಬರೆದೆ.